ಹೆಪ್ಪಿಗೊಂದು ಹೆಪ್ಪು

ಮೂರನೇ ದಿನವೂ ಬಕೆಟ್ಟು ಉಸಿರೆತ್ತಲಿಲ್ಲ. ಮುಚ್ಚಳಕ್ಕೆ ಸಿಕ್ಕಿಸಿದ ಏರ್‌ಲಾಕಿನ ನೀರಿನಲ್ಲಿ ಒಂದಾದರೂ ಗುಳ್ಳೆ ಎದ್ದೀತೆಂದು ಬೆಳಿಗ್ಗೆ ಎದ್ದವನೇ ಟಾರ್ಚ್ ಹಿಡಿದು ನೋಡುತ್ತಿದ್ದೆ, ಸಂಜೆ ಕೆಲಸದಿಂದ ಬಂದು ಶೂ ಬಿಚ್ಚುವ ಮೊದಲು ನೋಡುತ್ತಿದ್ದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಬಾಡಿಗೆ ಮನೆಯೊಂದರ ನೆಲಮಾಳಿಗೆಯಲ್ಲಿ ನಾನು ಮಾಡಿದ ಎರಡನೆಯ ಬಿಯರ್ ಅದು. ಮೊದಲನೆಯದಕ್ಕೆ ಒಣ ಯೀಸ್ಟ್ ಹಾಕಿದ್ದೆ, ಚೆನ್ನಾಗಿಯೇ ಆಗಿತ್ತು. ಅದೇ ಧೈರ್ಯದ ಮೇಲೆ ಈ ಸಲ ದ್ರವ ಯೀಸ್ಟಿನ ಪೊಟ್ಟಣವೊಂದನ್ನು ಅಂಚೆಯಲ್ಲಿ ತರಿಸಿದ್ದೆ. ಜುಲೈ ತಿಂಗಳು. ನಾನು ಮನೆಗೆ ಬರುವವರೆಗೂ ಅದು ಬಾಗಿಲ ಮುಂದೆ ಬಿಸಿಲು ಕಾಯಿಸುತ್ತಾ ಬಿದ್ದಿತ್ತು. ಮುಟ್ಟಿದರೆ ಬೆಚ್ಚಗಿತ್ತು. ಇರಲಿ ಬಿಡು ಎಂದು ಕತ್ತರಿಸಿ ಸುರಿದಿದ್ದೆ.

ಅಂದು ಭಾನುವಾರ, ಊರಿಗೆ ಫೋನ್ ಮಾಡುವ ದಿನ. ನಮ್ಮ ಮನೆಯಲ್ಲಿ ಬಿಯರಿನ ಮಾತು ಎತ್ತುವಂತಿಲ್ಲ. ‘ಬ್ರೆಡ್ ಮಾಡೋಣ ಅಂತ ಹಿಟ್ಟು ಕಲಸಿಟ್ಟಿದೀನಮ್ಮ. ಮೂರು ದಿನ ಆಯ್ತು, ಉಬ್ತಾನೇ ಇಲ್ಲ’ ಎಂದೆ. ಅಮ್ಮ ಯೋಚಿಸಲೂ ಇಲ್ಲ. ‘ಹೆಪ್ಪು ಹಳೇದಿರ್ಬೇಕು ಕಣೋ. ಇಲ್ಲಾ, ಸಾಲ್ದೇ ಹೋಗಿದೆ. ಈಗ ಅದನ್ನ ತಿನ್ನಕ್ಕೆ ಹೋಗ್ಬೇಡ, ಚೆಲ್ಲು.’

ನಾಲ್ಕನೇ ದಿನ ಬಕೆಟ್ಟು ಉಸಿರೆತ್ತಿತು. ಮುಚ್ಚಳ ತೆಗೆದರೆ ಹುಳಿಯ ಜೊತೆಗೆ ಬೆಂದ ಎಲೆಕೋಸಿನ ನಾತ. ಗಾಳಿಯಿಂದಲೋ ಸೌಟಿನಿಂದಲೋ ಬಂದಿಳಿದ ಬ್ಯಾಕ್ಟೀರಿಯಾಗಳು ನನ್ನ ಯೀಸ್ಟಿಗಿಂತ ಮೊದಲೇ ಪಂಕ್ತಿಯಲ್ಲಿ ಕೂತು ಊಟ ಶುರುಮಾಡಿದ್ದವು. ಹತ್ತೊಂಬತ್ತು ಲೀಟರ್ ಚರಂಡಿ ಸೇರಿತು. ಅಮ್ಮ ಹೇಳಿದ ಎರಡು ಕಾರಣಗಳೂ ನಿಜವಾಗಿದ್ದವು: ಹೆಪ್ಪು ಹಳೆಯದು, ಅದರಿಂದಾಗಿ ಸಾಲಲಿಲ್ಲ.

ಹಾಲಿಗೆ ಹೆಪ್ಪು ಹಾಕುವ ಯಾರಿಗೂ ಇದು ಹೊಸ ವಿಷಯವಲ್ಲ. ಚಳಿಗಾಲದಲ್ಲಿ ಒಂದು ಚಮಚ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಹೆಪ್ಪು ಸಾಲದಿದ್ದರೆ ಮೊಸರು ಲೋಳೆಲೋಳೆಯಾಗಿ ನೂಲು ಬರುತ್ತದೆ. ನಾವು ಬಯಸಿದ ಜೀವಿಗಳು ಜಾಗ ಹಿಡಿಯುವುದು ತಡವಾಯಿತು, ಬಯಸದವು ಟವೆಲ್ ಹಾಕಿ ಸೀಟು ಹಿಡಿದವು ಎಂದು ಅದರ ಅರ್ಥ. ಬಿಯರಿನದೂ ಇದೇ ಕತೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿ, ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿದ ಸಿಹಿ ದ್ರವಕ್ಕೆ ವರ್ಟ್ ಎನ್ನುತ್ತಾರೆ. ಅದು ಆರಿದ ಮೇಲೆ ಅಲ್ಲಿ ಸಕ್ಕರೆಯಿದೆ, ಅಮೈನೋ ಆಮ್ಲಗಳಿವೆ, ಖನಿಜಗಳಿವೆ, ಕಾಯುವವರು ಯಾರೂ ಇಲ್ಲ. ಹಾಪ್ಸಿನ ಕಹಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಯೀಸ್ಟ್ ಬೇಗ ಎದ್ದು ಆಮ್ಲೀಯತೆ ಹೆಚ್ಚಿಸಿ, ಆಮ್ಲಜನಕ ಖಾಲಿಮಾಡಿ, ಆಲ್ಕೋಹಾಲ್ ತುಂಬಿದರೆ ಮಿಕ್ಕವರಿಗೆ ಅಲ್ಲಿ ಬದುಕುವುದು ಕಷ್ಟ. ತಡವಾದರೆ ಮನೆ ಅವರದು.

ಕೊಂಡು ತಂದ ಯೀಸ್ಟನ್ನು ನೇರವಾಗಿ ದೊಡ್ಡ ಬಕೆಟ್ಟಿಗೆ ಸುರಿಯದೆ, ಮೊದಲು ಒಂದೆರಡು ಲೀಟರ್ ತೆಳು ವರ್ಟಿನಲ್ಲಿ ಒಂದೂವರೆ ದಿನ ಬೆಳೆಸಿ, ಹೆಚ್ಚಿದ ಸಂಸಾರವನ್ನು ಆಮೇಲೆ ಬಕೆಟ್ಟಿಗೆ ಹಾಕುವುದಕ್ಕೆ ಸ್ಟಾರ್ಟರ್ ಎಂದು ಹೆಸರು. ಹೆಪ್ಪಿಗೇ ಒಂದು ಹೆಪ್ಪು ಹಾಕಿದಂತೆ. ಗದ್ದೆ ನೆಟ್ಟು ಗೊತ್ತಿದ್ದವರಿಗೆ ಸಸಿಮಡಿ ಎಂದರೆ ಇನ್ನೂ ಬೇಗ ತಿಳಿಯುತ್ತದೆ.

ಮುಂದೆ ಹೋಗುವ ಮೊದಲು ಕಾನೂನಿನ ಮಾತೊಂದು ಇದೆ. ಅಮೆರಿಕದಲ್ಲಿ ಮದ್ಯನಿಷೇಧ ತೆರವಾದದ್ದು 1933ರಲ್ಲಿ. ಆದರೂ ಮನೆಯಲ್ಲಿ ಬಿಯರ್ ಮಾಡಲು ಒಕ್ಕೂಟದ ಅನುಮತಿ ಸಿಕ್ಕಿದ್ದು ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1979ರ ಫೆಬ್ರುವರಿಯಲ್ಲಿ. ಒಬ್ಬ ವಯಸ್ಕನಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್, ಮಾರುವಂತಿಲ್ಲ. ಕೊನೆಯ ಎರಡು ರಾಜ್ಯಗಳಾದ ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಿಕೊಂಡದ್ದು 2013ರಲ್ಲಿ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹಾಗಾಗಿ ಈ ಅಧ್ಯಾಯದ ಅಡುಗೆಮನೆ ಆರೆಗಾನಿನದು. ಬೆಂಗಳೂರು, ಮೈಸೂರಿನಲ್ಲಿ ಓದುತ್ತಿರುವವರು ಇದನ್ನು ಜೀವಶಾಸ್ತ್ರವೆಂದು ಓದಿಕೊಳ್ಳಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಬೇಕಾದರೆ ಪಾತ್ರೆ ಹುಡುಕಿಕೊಳ್ಳಲಿ.

ಎಷ್ಟು ಹೆಪ್ಪು ಸಾಕು? ಅಮ್ಮನ ಅಳತೆ ಚಮಚದ್ದು. ಬಿಯರಿನವರದು ಕೋಶಗಳದ್ದು. ವಾಡಿಕೆಯ ಲೆಕ್ಕ ಹೀಗಿದೆ: ಏಲ್ ಬಗೆಯ ಬಿಯರಾದರೆ ಪ್ರತಿ ಮಿಲಿಲೀಟರ್ ವರ್ಟಿಗೆ, ಪ್ರತಿ ಪ್ಲಾಟೋ ಡಿಗ್ರಿಗೆ ಏಳೂವರೆ ಲಕ್ಷ ಯೀಸ್ಟ್ ಕೋಶ. ತಂಪಿನಲ್ಲಿ ಹುದುಗುವ ಲಾಗರಿಗೆ ಅದರ ಎರಡರಷ್ಟು. ನೂರು ಗ್ರಾಂ ವರ್ಟಿನಲ್ಲಿ ಎಷ್ಟು ಗ್ರಾಂ ಸಕ್ಕರೆ ಮುಂತಾದವು ಕರಗಿವೆ ಎನ್ನುವುದೇ ಪ್ಲಾಟೋ ಡಿಗ್ರಿ. ಮನೆಬಿಯರ್ ಮಾಡುತ್ತಿದ್ದ ಗಣಿತದ ಪ್ರಾಧ್ಯಾಪಕ ಜಾರ್ಜ್ ಫಿಕ್ಸ್ ಅವರ ಪುಸ್ತಕಗಳಿಂದ ಈ ಅಳತೆ ಅಮೆರಿಕದ ಮನೆಮನೆಗೆ ಹರಡಿತು. ಕಾಗದದ ಮೇಲೆ ಗುಣಿಸಿ ನೋಡಿ. ಹನ್ನೆರಡು ಡಿಗ್ರಿಯ ವರ್ಟಾದರೆ ಮಿಲಿಲೀಟರಿಗೆ 90 ಲಕ್ಷ. ಹತ್ತೊಂಬತ್ತು ಲೀಟರಿಗೆ 17,100 ಕೋಟಿ. ಅಂಗಡಿಯ ಹಲವು ದ್ರವ ಯೀಸ್ಟಿನ ಪೊಟ್ಟಣಗಳಲ್ಲಿ, ಅವು ತಾಜಾ ಇದ್ದಾಗ, ಸುಮಾರು 10,000 ಕೋಟಿ ಇರುತ್ತವೆ. ಅಂದರೆ ಎಲ್ಲ ಸರಿಯಿದ್ದರೂ ಏಳು ಸಾವಿರ ಕೋಟಿ ಖೋತಾ. ಫ್ರಿಜ್ಜಿನಲ್ಲಿಟ್ಟ ಪೊಟ್ಟಣದಲ್ಲಿ ತಿಂಗಳಿಗೆ ಐದನೇ ಒಂದು ಪಾಲು ಸಾಯುತ್ತದೆಂದು ಹಿಡಿಯುವ ರೂಢಿಯೂ ಇದೆ. ಜುಲೈ ಬಿಸಿಲಿನಲ್ಲಿ ಕೂತ ನನ್ನ ಪೊಟ್ಟಣದಲ್ಲಿ ಎಷ್ಟು ಉಳಿದಿದ್ದವೋ ದೇವರೇ ಬಲ್ಲ.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಯೀಸ್ಟ್ ಹೇಗೂ ಬಕೆಟ್ಟಿನಲ್ಲೇ ಹೆಚ್ಚಿಕೊಳ್ಳುತ್ತದಲ್ಲ, ಮುಂಚೆಯೇ ಬೆಳೆಸುವ ರಗಳೆ ಯಾಕೆ? ಹೆಚ್ಚಿಕೊಳ್ಳುತ್ತದೆ, ನಿಜ. ಒಂದು ಯೀಸ್ಟ್ ಕೋಶ ಐದರಿಂದ ಹತ್ತು ಮೈಕ್ರಾನಿನದು. ಅದರ ಮೈಮೇಲೆ ಮೊಗ್ಗಿನಂತೆ ಗುಬಟೊಂದು ಮೂಡಿ, ದೊಡ್ಡದಾಗಿ, ಕಳಚಿ ಮಗಳಾಗುತ್ತದೆ. ಅನುಕೂಲ ಪೂರಾ ಇದ್ದರೆ ಇದಕ್ಕೆ ಒಂದೂವರೆ ಗಂಟೆ ಸಾಕು. ಕಳಚಿದ ಜಾಗದಲ್ಲಿ ತಾಯಿಯ ಮೈಮೇಲೆ ಉಂಗುರದಂಥ ಕಲೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಆ ಕಲೆಗಳನ್ನು ಎಣಿಸಿದರೆ ಎಷ್ಟು ಹೆತ್ತಿದೆ ಎನ್ನುವ ಲೆಕ್ಕ ಸಿಗುತ್ತದೆ. ಇಪ್ಪತ್ತು ಮೂವತ್ತರ ಆಚೆ ಒಂದೇ ತಾಯಿ ಹೆರುವುದು ಅಪರೂಪ.

ತೊಂದರೆ ಇರುವುದು ಪಾಲಿನಲ್ಲಿ. ಯೀಸ್ಟಿನ ಕೋಶಪೊರೆ ಗಟ್ಟಿಯಾಗಿಯೂ ಬಾಗುವಂತೆಯೂ ಇರಬೇಕಾದರೆ ಎರ್ಗಾಸ್ಟೆರಾಲ್ ಎಂಬ ಸ್ಟೆರಾಲ್ ಬೇಕು, ಅಪರ್ಯಾಪ್ತ ಕೊಬ್ಬಿನಾಮ್ಲಗಳು ಬೇಕು. ಇವನ್ನು ಕಟ್ಟಲು ಆಮ್ಲಜನಕ ಅನಿವಾರ್ಯ. ಬಕೆಟ್ಟಿನ ವರ್ಟಿನಲ್ಲಿ ಕರಗಿರುವ ಆಮ್ಲಜನಕವೋ, ಚೆನ್ನಾಗಿ ಕುಲುಕಿದರೂ ಲೀಟರಿಗೆ ಎಂಟು ಮಿಲಿಗ್ರಾಂ ಆಸುಪಾಸು. ಯೀಸ್ಟ್ ಅದನ್ನು ಕೆಲವೇ ಗಂಟೆಗಳಲ್ಲಿ ಮುಗಿಸುತ್ತದೆ. ಆಮೇಲೆ ಹೊಸ ಸ್ಟೆರಾಲ್ ಇಲ್ಲ, ಇದ್ದದ್ದನ್ನೇ ತಾಯಿ ಮಗಳು ಹಂಚಿಕೊಳ್ಳಬೇಕು. ಪಿತ್ರಾರ್ಜಿತ ಜಮೀನು ಪಾಲಾದಂತೆ. ನಾಲ್ಕು ತಲೆಮಾರು ಅರ್ಧರ್ಧವಾದರೆ ಒಂದೆಕರೆ ಎರಡೂವರೆ ಗುಂಟೆಗೆ ಬಂದು ನಿಲ್ಲುತ್ತದೆ, ಅದರಲ್ಲಿ ಯಾರೂ ಸಂಸಾರ ಮಾಡಲಾರರು. ಪೊರೆ ಸೊರಗಿದ ಯೀಸ್ಟ್, ಆಲ್ಕೋಹಾಲ್ ಏರುತ್ತಿದ್ದಂತೆ ಅರ್ಧ ದಾರಿಯಲ್ಲೇ ಕೈಚೆಲ್ಲುತ್ತದೆ. ಬಿಯರ್ ಸಿಹಿಯಾಗಿಯೇ ಉಳಿಯುತ್ತದೆ.

ರುಚಿಯೂ ಕೆಡುತ್ತದೆ. ಯೀಸ್ಟ್ ಸಂಖ್ಯೆ ಹೆಚ್ಚಿಸಿಕೊಳ್ಳುವ ಗಡಿಬಿಡಿಯಲ್ಲೇ ಹಲವು ಪರಿಮಳ ವಸ್ತುಗಳು ಹುಟ್ಟುವುದು. ಹಸಿ ಸೇಬಿನ ವಾಸನೆಯ ಅಸಿಟಾಲ್ಡಿಹೈಡ್, ಬೆಣ್ಣೆಯಂತೆ ನಾರುವ ಡಯಾಸಿಟೈಲಿನ ಮೂಲವಸ್ತು, ಗಂಟಲು ಸುಡುವ ಫ್ಯೂಸೆಲ್ ಆಲ್ಕೋಹಾಲುಗಳು. ಮಾಗುವ ಹೊತ್ತಿಗೆ ಆರೋಗ್ಯವಂತ ಯೀಸ್ಟ್ ಅಸಿಟಾಲ್ಡಿಹೈಡನ್ನೂ ಡಯಾಸಿಟೈಲನ್ನೂ ತಾನೇ ಮತ್ತೆ ಹೀರಿ ಸ್ವಚ್ಛಮಾಡುತ್ತದೆ. ಸುಸ್ತಾದದ್ದು ಮಾಡುವುದಿಲ್ಲ. ಹಾಗೆಂದು ಬೆಳವಣಿಗೆಯ ಪರಿಮಳವೆಲ್ಲ ಕೆಟ್ಟದ್ದೆಂದಲ್ಲ. ಜರ್ಮನಿಯ ಗೋಧಿ ಬಿಯರಿನ ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟಿನದು, ಅದೂ ಯೀಸ್ಟಿನ ಕೊಡುಗೆಯೇ. ಬೇಕೆಂದಾಗ ಬರುವುದು ಬೇರೆ, ಬೇಡವೆಂದರೂ ಬರುವುದು ಬೇರೆ.

ಇನ್ನು ಅಡುಗೆಮನೆಗೆ ಬನ್ನಿ. ಶನಿವಾರ ಬಿಯರ್ ಕಾಯಿಸುವುದಾದರೆ ಕೆಲಸ ಶುರುವಾಗುವುದು ಬುಧವಾರ ರಾತ್ರಿ. ಒಂದೂವರೆ ಲೀಟರ್ ನೀರು, 150 ಗ್ರಾಂ ಒಣ ಮಾಲ್ಟ್ ಪುಡಿ. ಲೀಟರಿಗೆ ನೂರು ಗ್ರಾಮಿನ ಈ ಅಳತೆ ನೆನಪಿನಲ್ಲಿಡಲು ಸುಲಭ. ಇದರಲ್ಲಿ ಬರುವ ವರ್ಟಿನ ಸಾಪೇಕ್ಷ ಸಾಂದ್ರತೆ 1.037ರ ಸುತ್ತಮುತ್ತ, ಯೀಸ್ಟಿಗೆ ಹಿತವಾದ ತೆಳುವು. ಮಾಲ್ಟ್ ಪುಡಿ ಹಬೆಯ ಹತ್ತಿರ ಹೋದರೆ ಸಾಕು, ಚಮಚಕ್ಕೆ ಜೋನಿಬೆಲ್ಲದಂತೆ ಅಂಟಿ ಕೂರುತ್ತದೆ. ಆದ್ದರಿಂದ ತಣ್ಣೀರಿಗೇ ಹಾಕಿ ಕಲಕಿ, ಆಮೇಲೆ ಒಲೆಯ ಮೇಲಿಡಿ. ಹಾಲಿನ ಮುಂದೆ ನಿಂತಂತೆ ನಿಲ್ಲಬೇಕು, ಕುದಿ ಹತ್ತಿದ ಕ್ಷಣ ಉಕ್ಕಿ ಚೆಲ್ಲುತ್ತದೆ. ಚೆಲ್ಲಿದ ಮಾಲ್ಟ್ ಒಲೆಯ ಮೇಲೆ ಸೀದರೆ ತಿಕ್ಕಿ ತೆಗೆಯಲು ಅರ್ಧ ರಾತ್ರಿ ಬೇಕು. ನಾನು ತಿಕ್ಕಿದ್ದೇನೆ.

ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ತಣ್ಣೀರಿನ ಸಿಂಕಿನಲ್ಲಿಳಿಸಿ ಆರಿಸಬೇಕು. ಎಷ್ಟು? ಇಲ್ಲಿ ನಮ್ಮ ಕೈ ಮೋಸ ಮಾಡುತ್ತದೆ. ಹಾಲು ಉಗುರುಬೆಚ್ಚಗಿದ್ದಾಗ ಹೆಪ್ಪು ಹಾಕಿ ಅಭ್ಯಾಸವಾದವರು ಇಲ್ಲೂ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮೊಸರಿನ ಬ್ಯಾಕ್ಟೀರಿಯಾಗೆ 40 ಡಿಗ್ರಿ ಸೆಲ್ಸಿಯಸ್ ಸುಖ. ಬಿಯರಿನ ಯೀಸ್ಟಿಗೆ ಇಪ್ಪತ್ತು ಇಪ್ಪತ್ತೆರಡು ಸಾಕು. ಪಾತ್ರೆ ಮುಟ್ಟಿದರೆ ಬೆಚ್ಚಗೂ ತಣ್ಣಗೂ ಅನ್ನಿಸಬಾರದು. ಅಗ್ಗದ ಒಂದು ತಾಪಮಾಪಕ ಇಟ್ಟುಕೊಂಡರೆ ಈ ಕವಿತ್ವವೆಲ್ಲ ಬೇಕಿಲ್ಲ.

ಕುದಿ ನಿಂತ ಮೇಲೆ ವರ್ಟನ್ನು ಮುಟ್ಟುವುದೆಲ್ಲವೂ ಮಡಿಯಲ್ಲಿರಬೇಕು: ಗಾಜಿನ ಪಾತ್ರೆ, ಆಲಿಕೆ, ಕತ್ತರಿ, ಯೀಸ್ಟಿನ ಪೊಟ್ಟಣದ ಅಂಚು. ತೊಳೆಯುವುದು ಬೇರೆ, ಸೋಂಕು ಕಳೆಯುವುದು ಬೇರೆ. ಕೊಳೆಯ ಮೇಲೆ ಯಾವ ಸೋಂಕುನಾಶಕವೂ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ತಿಕ್ಕಿ ತೊಳೆದು ಆಮೇಲೆ ಅದ್ದಬೇಕು. ಅಮೆರಿಕದವರು ಬಳಸುವುದು ಹೆಚ್ಚಾಗಿ ಸ್ಟಾರ್ ಸ್ಯಾನ್ ಎಂಬ, ಫಾಸ್ಫಾರಿಕ್ ಆಮ್ಲವಿರುವ ನೊರೆನೀರು. ಮತ್ತೆ ಜಾಲಾಡಿಸುವ ಅಗತ್ಯವಿಲ್ಲ. ನನ್ನ ಮಟ್ಟಿಗೆ ಹೊಸಬರು ಗೆಲ್ಲುವುದೂ ಸೋಲುವುದೂ ಈ ಹತ್ತು ನಿಮಿಷದಲ್ಲೇ. ಒಂದು ಸೋಂಕು ಕೂಡ ಸ್ಟಾರ್ಟರಿನಲ್ಲಿ ಯೀಸ್ಟಿನ ಜೊತೆಜೊತೆಗೇ ಬೆಳೆಯುತ್ತದೆ, ನೀವೇ ಅದಕ್ಕೂ ಸಸಿಮಡಿ ಮಾಡಿಕೊಟ್ಟಂತಾಗುತ್ತದೆ.

ಯೀಸ್ಟ್ ಸುರಿದು ಪಾತ್ರೆಯ ಬಾಯಿಗೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಿ. ಏರ್‌ಲಾಕ್ ಬೇಡ. ಬಕೆಟ್ಟಿನಲ್ಲಿ ಗಾಳಿ ಹೊರಗಿರಬೇಕು, ಇಲ್ಲಿ ಒಳಗೆ ಬರಬೇಕು. ಧೂಳು ಮೇಲಿಂದ ಬೀಳದಿದ್ದರಾಯಿತು. ಹಾದುಹೋದಾಗಲೆಲ್ಲ ಪಾತ್ರೆಯನ್ನೊಮ್ಮೆ ಗಿರ್ರನೆ ತಿರುಗಿಸಿ. ಇದಕ್ಕೆಂದೇ ಸ್ಟರ್ ಪ್ಲೇಟ್ ಎಂಬ ಸಾಧನವಿದೆ. ಹಳೆ ಕಂಪ್ಯೂಟರಿನ ಫ್ಯಾನಿಗೆ ಎರಡು ಅಯಸ್ಕಾಂತ ಅಂಟಿಸಿ, ಪಾತ್ರೆಯೊಳಗೆ ಪ್ಲಾಸ್ಟಿಕ್ ಹೊದಿಸಿದ ಪುಟ್ಟ ಕಾಂತದ ಕಡ್ಡಿ ಹಾಕಿದರೆ, ಫ್ಯಾನ್ ತಿರುಗಿದಂತೆ ಕಡ್ಡಿ ತಿರುಗುತ್ತದೆ, ದ್ರವದ ನಡುವೆ ಸುಳಿ ಬೀಳುತ್ತದೆ. ನಾನೂ ಒಂದನ್ನು ಕಟ್ಟಿದೆ. ಮೊದಲ ರಾತ್ರಿ ಕಡ್ಡಿ ಜಾಗ ತಪ್ಪಿ ಟಕಟಕ ಬಡಿದು ಮನೆಯವರನ್ನೆಲ್ಲ ಎಬ್ಬಿಸಿತು. ಆ ಸುಳಿ ಗಾಳಿಯನ್ನು ಒಳಗೆಳೆಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೊರದಬ್ಬುತ್ತದೆ, ಯೀಸ್ಟ್ ತಳ ಕಚ್ಚದಂತೆ ನೋಡಿಕೊಳ್ಳುತ್ತದೆ. ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೈ ಇದೆ.

ಬೆಳಿಗ್ಗೆ ಎದ್ದು ನೋಡಿದಾಗ ಹೊಸಬರು ನೊರೆ ಹುಡುಕುತ್ತಾರೆ. ನೊರೆ ಬಂದರೂ ಬಂತು, ಬರದಿದ್ದರೂ ಇಲ್ಲ. ನಿಮ್ಮ ನಿದ್ದೆಯಲ್ಲೇ ಎದ್ದು ಇಳಿದಿರಲೂಬಹುದು. ನೋಡಬೇಕಾದದ್ದು ಬಣ್ಣ. ರಾತ್ರಿ ಕಪ್ಪು ಚಹಾದಂತೆ ತಿಳಿಯಾಗಿದ್ದದ್ದು ಬೆಳಿಗ್ಗೆ ಹಾಲು ಬೆರೆಸಿದ ಚಹಾ ಆಗಿರುತ್ತದೆ. ಆ ಮಬ್ಬು ಇಡೀ ಯೀಸ್ಟೇ. ಮೂಸಿದರೆ ಬೇಕರಿಯ ಮುಂದೆ ಹಾದುಹೋದಂತೆ ಇರಬೇಕು. ಹುಳಿ, ಕೊಳೆತ ತರಕಾರಿ, ಸುಟ್ಟ ರಬ್ಬರು ಮೂಗಿಗೆ ಬಂದರೆ ಹಿಂದೆಮುಂದೆ ನೋಡದೆ ಚೆಲ್ಲಿ. ಒಂದು ಪೊಟ್ಟಣ ಯೀಸ್ಟ್ ಹೋದೀತು, ಇಡೀ ಬಕೆಟ್ಟು ಉಳಿಯುತ್ತದೆ.

ಹುಡುಗರಿಗೆ ಪಾಠ ಹೇಳುವಾಗಲೂ ತಪ್ಪುವ ಒಂದು ವಿಷಯ ಇಲ್ಲಿದೆ. ಗಾಳಿ ಸಿಕ್ಕರೆ ಯೀಸ್ಟ್ ಉಸಿರಾಡುತ್ತದೆ, ಸಿಗದಿದ್ದರೆ ಹುದುಗಿಸುತ್ತದೆ ಎಂದು ನಾವೆಲ್ಲ ಓದಿದ್ದೇವೆ. ಹಾಗಾಗಿ ಸುಳಿ ತಿರುಗುವ ಸ್ಟಾರ್ಟರಿನಲ್ಲಿ ಆಲ್ಕೋಹಾಲೇ ಆಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಆಗುತ್ತದೆ. ಸಕ್ಕರೆ ಹೇರಳವಾಗಿರುವಾಗ ಈ ಯೀಸ್ಟ್ ಆಮ್ಲಜನಕವಿದ್ದರೂ ಹುದುಗಿಸುವ ದಾರಿಯನ್ನೇ ಹಿಡಿಯುತ್ತದೆ. ಅದಕ್ಕೆ ಕ್ರಾಬ್‌ಟ್ರೀ ಪರಿಣಾಮ ಎನ್ನುತ್ತಾರೆ. ಸಕ್ಕರೆಯನ್ನು ಬೇಗಬೇಗ ಆಲ್ಕೋಹಾಲ್ ಮಾಡಿಟ್ಟರೆ ಬೇರೆ ಜೀವಿಗಳಿಗೆ ಅದು ವಿಷ, ತನಗೆ ಮಾತ್ರ ಆಮೇಲೆ ತಿನ್ನಬಹುದಾದ ಉಗ್ರಾಣ. ಲೌಕಿಕ ಬುದ್ಧಿ. ಹಾಗಾದರೆ ಗಾಳಿಯಿಂದ ಏನು ಉಪಯೋಗ? ಹಿಂದೆ ಹೇಳಿದ ಸ್ಟೆರಾಲ್. ಪ್ರತಿ ಮಗಳಿಗೂ ಪೂರ್ತಿ ಒಂದೆಕರೆ.

ಇದೇ ಕಾರಣಕ್ಕೆ ಸ್ಟಾರ್ಟರಿಗೆ ಬರೀ ಸಕ್ಕರೆ ನೀರು ಆಗುವುದಿಲ್ಲ. ಸಕ್ಕರೆಯಲ್ಲಿ ಸಾರಜನಕವಿಲ್ಲ, ಸತುವಿಲ್ಲ; ಯೀಸ್ಟ್ ಮೈಕಟ್ಟಲಾರದು. ಅಲ್ಲದೆ ವರ್ಟಿನ ಮುಖ್ಯ ಸಕ್ಕರೆ ಮಾಲ್ಟೋಸ್. ಗ್ಲೂಕೋಸ್ ಕುಡಿಸಿ ಬೆಳೆಸಿದ ಯೀಸ್ಟ್ ಮಾಲ್ಟೋಸನ್ನು ಒಳಗೆಳೆಯುವ ಜೀನುಗಳನ್ನು ಮುಚ್ಚಿಟ್ಟಿರುತ್ತದೆ. ಬೇಕರಿ ತಿಂಡಿಯಲ್ಲೇ ಬೆಳೆದ ಮಗುವಿನ ಮುಂದೆ ಮುದ್ದೆ ಇಟ್ಟ ಹಾಗಾಗುತ್ತದೆ.

ಇನ್ನೊಂದು ಆಸೆ ದೊಡ್ಡ ಪಾತ್ರೆಯದು. ಲೀಟರು ಇಮ್ಮಡಿಸಿದರೆ ಯೀಸ್ಟೂ ಇಮ್ಮಡಿಸುವುದಿಲ್ಲ. ಕ್ರಿಸ್ ವೈಟ್ ಮತ್ತು ಜಮೀಲ್ ಜೈನಶೆಫ್ 2010ರಲ್ಲಿ ಪ್ರಕಟಿಸಿದ, ‘ಯೀಸ್ಟ್’ ಎಂದೇ ಹೆಸರಿನ ಪುಸ್ತಕದಲ್ಲಿ ಇದರ ಅಂಕಿಗಳಿವೆ. ಹತ್ತು ಸಾವಿರ ಕೋಟಿಯ ಪೊಟ್ಟಣವನ್ನು ಒಂದು ಲೀಟರಿಗೆ ಹಾಕಿದರೆ ಸುಮಾರು ಹದಿನೈದು ಸಾವಿರ ಕೋಟಿ, ಎರಡು ಲೀಟರಿಗೆ ಇಪ್ಪತ್ತು ಸಾವಿರ, ನಾಲ್ಕಕ್ಕೆ ಇಪ್ಪತ್ತೇಳು ಸಾವಿರದ ಹತ್ತಿರ. ನಮ್ಮ 17,100 ಕೋಟಿಗೆ ಒಂದೂವರೆ ಲೀಟರ್ ಸರಿಹೋಗುವುದು ಹೀಗೆ. ಲಾಗರ್ ಮಾಡುವವರು ಒಂದು ಸ್ಟಾರ್ಟರಿನ ಗಸಿಯನ್ನು ಇನ್ನೊಂದಕ್ಕೆ ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾರೆ.

ಗುರುವಾರ ರಾತ್ರಿಯೋ ಶುಕ್ರವಾರ ಬೆಳಿಗ್ಗೆಯೋ ಸಕ್ಕರೆ ಮುಗಿಯುತ್ತದೆ. ಆಗಲೇ ಕಿತ್ತು ಫ್ರಿಜ್ಜಿಗಿಡುವ ಆತುರ ಬೇಡ. ಕೊನೆಯ ಗಂಟೆಗಳಲ್ಲಿ ಯೀಸ್ಟ್ ಗ್ಲೈಕೋಜೆನ್ ಕೂಡಿಡುತ್ತದೆ, ಅದು ಶನಿವಾರಕ್ಕೆ ಬುತ್ತಿ. ಆಮೇಲೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಯೀಸ್ಟೆಲ್ಲ ತಳದಲ್ಲಿ ಕೆನೆಬಣ್ಣದ ಗಸಿಯಾಗಿ ಕೂರುತ್ತದೆ. ಮೇಲಿನ ತಿಳಿಯನ್ನು ಅನ್ನದ ಗಂಜಿ ಬಸಿದಂತೆ ಬಸಿದುಬಿಡಿ. ಗಾಳಿಯಲ್ಲಿ ಕದಡಿ ಕದಡಿ ಆದ ಆ ಬಿಯರ್ ನೆನೆದ ರಟ್ಟಿನಂತಿರುತ್ತದೆ. ಒಂದು ಸಲ ಉಳಿತಾಯವೆಂದು ಅದನ್ನೂ ಬಕೆಟ್ಟಿಗೆ ಸುರಿದೆ. ಇಡೀ ಬಿಯರಿಗೆ ರಟ್ಟಿನ ರುಚಿ ಹತ್ತಿತು. ಉಳಿದ ಗಸಿಯಲ್ಲಿ ಮಿಲಿಲೀಟರಿಗೆ ನೂರು ಕೋಟಿಗೂ ಮಿಕ್ಕು ಕೋಶಗಳಿರುತ್ತವೆ. ಒಂದು ಲೋಟದಷ್ಟು ಗಸಿ ಹತ್ತೊಂಬತ್ತು ಲೀಟರನ್ನು ಆಳುತ್ತದೆ. ಸ್ಟಾರ್ಟರ್ ಮಾಡತೊಡಗಿದಂದಿನಿಂದ ನನ್ನ ಬಕೆಟ್ಟುಗಳು ಹನ್ನೆರಡು ಗಂಟೆಯೊಳಗೆ ಉಸಿರೆತ್ತಿವೆ.

ಒಣ ಯೀಸ್ಟ್ ತಂದವರು ಈವರೆಗಿನದನ್ನೆಲ್ಲ ಮರೆತುಬಿಡಬಹುದು. ಕಾರ್ಖಾನೆಯಲ್ಲಿ ಗಾಳಿಯುಣಿಸಿ ಬೆಳೆಸಿ, ಸ್ಟೆರಾಲ್ ತುಂಬಿಯೇ ಒಣಗಿಸಿರುತ್ತಾರೆ. ಹನ್ನೊಂದು ಗ್ರಾಮಿನ ಪೊಟ್ಟಣ ಒಂದು ಸಾಧಾರಣ ಏಲಿಗೆ ಸಾಲುತ್ತದೆ. ಅದಕ್ಕೂ ಸ್ಟಾರ್ಟರ್ ಮಾಡಿದರೆ ತುಂಬಿ ತಂದ ಬುತ್ತಿಯನ್ನು ದಾರಿಯಲ್ಲೇ ಉಣ್ಣಿಸಿ ಮುಗಿಸಿದಂತೆ. ಮೊದಲ ಎರಡು ಮೂರು ಬಿಯರನ್ನು ಒಣ ಯೀಸ್ಟಿನಲ್ಲೇ ಮಾಡಿ ಎಂದು ನಾನು ಹೇಳುವುದು ಇದಕ್ಕೇ. ದ್ರವ ಯೀಸ್ಟಿನಲ್ಲಿ ತಳಿಗಳ ಆಯ್ಕೆ ಜಾಸ್ತಿ, ಅದಕ್ಕೆ ತೆರುವ ಬೆಲೆ ಈ ಬುಧವಾರ ರಾತ್ರಿ.

ಲೆಕ್ಕಕ್ಕೆ ಬಗ್ಗದ ತಳಿಗಳೂ ಇವೆ. ನಾರ್ವೆಯ ಪಶ್ಚಿಮದ ಹಳ್ಳಿಗಳಲ್ಲಿ ತಲೆತಲಾಂತರದಿಂದ ಉಳಿದು ಬಂದ ಹೆಪ್ಪಿಗೆ ಕ್ವೈಕ್ ಎನ್ನುತ್ತಾರೆ. ರೈತರು ಮರದ ತುಂಡುಗಳನ್ನು ಕೋದು ಮಾಡಿದ ಉಂಗುರವನ್ನು ಹುದುಗುವ ಬಿಯರಿನಲ್ಲಿ ಅದ್ದಿ ಗೋಡೆಗೆ ನೇತುಹಾಕಿ ಒಣಗಿಸುತ್ತಿದ್ದರು. ಮುಂದಿನ ಬಿಯರಿಗೆ ಆ ಉಂಗುರವೇ ಹೆಪ್ಪು. ಅದು 35, 40 ಡಿಗ್ರಿ ಸೆಕೆಯಲ್ಲೂ ಚೊಕ್ಕ ಬಿಯರ್ ಕೊಡುತ್ತದೆ, ಒಂದು ಚಮಚ ಹಾಕಿದರೂ ಏಳುತ್ತದೆ. ಕೋಟಿಗಳ ಲೆಕ್ಕ ಹಿಡಿದು ಕೂತವರಿಗೆ ನಾರ್ವೆಯ ಅಜ್ಜಿಯರು ಕೊಟ್ಟ ಉತ್ತರ ಇದು.

ಹೆಪ್ಪಿನಲ್ಲಿರುವುದು ಜೀವ ಎಂದು ತಿಳಿದದ್ದು ತೀರ ಇತ್ತೀಚೆಗೆ. 1516ರಲ್ಲಿ ಬವೇರಿಯದಲ್ಲಿ ಹೊರಟ ಪ್ರಸಿದ್ಧ ಕಟ್ಟಳೆಯಲ್ಲಿ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಮಾತ್ರ ಎಂದಿದೆ. ಯೀಸ್ಟಿನ ಸುದ್ದಿಯೇ ಇಲ್ಲ. ಹದಿನೈದನೇ ಶತಮಾನದ ಇಂಗ್ಲೆಂಡಿನವರು ಪಾತ್ರೆಯ ನೊರೆಗೆ ‘ದೇವರು ಒಳ್ಳೆಯವನು’ ಎಂಬರ್ಥದ ಹೆಸರಿಟ್ಟಿದ್ದರು. 1680ರಲ್ಲಿ ಡಚ್ ವಿಜ್ಞಾನಿ ಲೇವನ್‌ಹುಕ್ ತನ್ನ ಮಸೂರದಲ್ಲಿ ಬಿಯರಿನ ಯೀಸ್ಟನ್ನು ಗೋಲಿಗಳಂತೆ ಕಂಡನಾದರೂ ಜೀವವೆಂದು ಗುರುತಿಸಲಿಲ್ಲ. 1837ರ ಸುಮಾರಿಗೆ ಮೂವರು ಬೇರೆಬೇರೆಯಾಗಿ ಅದು ಜೀವಿ ಎಂದರು. ದೊಡ್ಡ ದೊಡ್ಡ ರಸಾಯನಶಾಸ್ತ್ರಜ್ಞರು ನಕ್ಕರು. ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಆ ನಗುವನ್ನು ನಿಲ್ಲಿಸಿದ.

ನಮ್ಮ ಭಾಷೆಯಲ್ಲಿ ಇದರ ಇನ್ನೊಂದು ಎಳೆಯಿದೆ. ಪಠ್ಯಪುಸ್ತಕದಲ್ಲಿ ಕಿಣ್ವವೆಂದರೆ ಎನ್ಜೈಮ್. ಆದರೆ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣ ತೆಗೆದು ನೋಡಿ. ಅಲ್ಲಿ ಕಿಣ್ವವೆಂದರೆ ಸುರೆಗೆ ಹಾಕುವ ಹೆಪ್ಪು. ಅದನ್ನು ಮಾಡುವ ಅಳತೆಯೂ ಇದೆ: ಹಸಿಯದೋ ಬೇಯಿಸಿದ್ದೋ ಉದ್ದಿನ ಹಿಟ್ಟು, ಅದರ ಜೊತೆ ಅಕ್ಕಿ, ಮೇಲೆ ಒಂದಿಷ್ಟು ಮೂಲಿಕೆ. ಉದ್ದು ಅಕ್ಕಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ರಾತ್ರಿ ಉಕ್ಕಿ ಪಾತ್ರೆಯಿಂದ ಚೆಲ್ಲುವ ಸಂಪಣ ನೆನಪಾಗದಿರದು. ಜರ್ಮನಿಯ ವಿಜ್ಞಾನಿ ಕ್ಯೂನೆ 1870ರ ದಶಕದಲ್ಲಿ ಕಟ್ಟಿದ ಎನ್ಜೈಮ್ ಎಂಬ ಪದಕ್ಕೂ ಗ್ರೀಕಿನಲ್ಲಿ ‘ಯೀಸ್ಟಿನೊಳಗೆ’ ಎಂದೇ ಅರ್ಥ. ಕನ್ನಡಕ್ಕೆ ಕಿಣ್ವವನ್ನು ಆರಿಸಿದವರು ಯಾರೇ ಇರಲಿ, ಎರಡು ಕಡೆಯ ಬೇರನ್ನೂ ಬಲ್ಲವರು.

ಈಗಿನ ಸ್ಟಾರ್ಟರಿನ ನೇರ ಪೂರ್ವಜ ಸಿಗುವುದು ಕೋಪನ್‌ಹೇಗನ್ನಿನಲ್ಲಿ. ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆ ಸ್ಥಾಪಿಸಿದ ಯಾಕೊಬ್‌ಸನ್ 1845ರಲ್ಲಿ ಮ್ಯೂನಿಕ್ಕಿನ ಸ್ಪಾಟನ್ ಕಾರ್ಖಾನೆಯಿಂದ ಲಾಗರ್ ಯೀಸ್ಟ್ ತಂದ. ಕುದುರೆಗಾಡಿಯ ಪಯಣ, ಗಾಡಿ ನಿಂತಲ್ಲೆಲ್ಲ ಇಳಿದು ಡಬ್ಬಿಗೆ ತಣ್ಣೀರು ಹಾಕುತ್ತಾ ಬಂದನಂತೆ. ಪಕ್ಕದ ಮನೆಯಿಂದ ಹೆಪ್ಪು ತಂದದ್ದೇ, ಮನೆ ಸ್ವಲ್ಪ ದೂರ. ಅವನ ಕಾರ್ಖಾನೆಯ ಬಿಯರ್ 1880ರ ದಶಕದ ಆರಂಭದಲ್ಲಿ ಕೆಡತೊಡಗಿತು. ಅಲ್ಲಿನ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್, ಒಂದೇ ಯೀಸ್ಟೆಂದು ಎಲ್ಲರೂ ತಿಳಿದಿದ್ದ ಗಸಿಯಲ್ಲಿ ಕಾಡುಯೀಸ್ಟೂ ಬೆರೆತಿದೆ ಎಂದು ಕಂಡುಕೊಂಡ. ಗಸಿಯನ್ನು ನೀರಿನಲ್ಲಿ ತೆಳುವಾಗಿಸುತ್ತಾ ಹೋಗಿ, ಒಂದು ಹನಿಗೆ ಒಂದೇ ಕೋಶ ಉಳಿಯುವಂತೆ ಮಾಡಿ, ಆ ಒಂಟಿ ಕೋಶವನ್ನು ಚಿಕ್ಕ ಸೀಸೆಯಿಂದ ದೊಡ್ಡ ಸೀಸೆಗೆ, ಅಲ್ಲಿಂದ ಪೀಪಾಯಿಗೆ ಬೆಳೆಸಿದ. 1883ರ ನವೆಂಬರಿನಲ್ಲಿ ಆ ಯೀಸ್ಟ್ ಕಾರ್ಖಾನೆಯ ತೊಟ್ಟಿಗಿಳಿಯಿತು. ಒಂದು ಕೋಶ 38 ಬಾರಿ ಇಮ್ಮಡಿಯಾದರೆ ನಮ್ಮ 17,100 ಕೋಟಿ ದಾಟುತ್ತದೆ. ಹ್ಯಾನ್ಸೆನ್ ಏರಿದ್ದು ಅದಕ್ಕೂ ಎತ್ತರ. ಯಾಕೊಬ್‌ಸನ್ ಆ ತಳಿಯನ್ನು ಗುಟ್ಟಾಗಿಡದೆ ಕೇಳಿದವರಿಗೆಲ್ಲ ಕೊಟ್ಟ. ಹೆಪ್ಪಿಗೆ ದುಡ್ಡು ತೆಗೆದುಕೊಳ್ಳುವ ಪದ್ಧತಿ ನಮ್ಮ ಬೀದಿಯಲ್ಲೂ ಇರಲಿಲ್ಲ.

ನೀವೂ ಕೊಂಡ ಹೆಪ್ಪನ್ನು ಒಂದೇ ಸಲಕ್ಕೆ ಮುಗಿಸಬೇಕಿಲ್ಲ. ಮುಂದಿನ ಸಲ ಸ್ಟಾರ್ಟರನ್ನು ಅರ್ಧ ಲೀಟರ್ ಹೆಚ್ಚು ಮಾಡಿ. ಬಸಿಯುವ ಮೊದಲು ಚೆನ್ನಾಗಿ ಕದಡಿ, ಆ ಅರ್ಧ ಲೀಟರನ್ನು ಕುದಿನೀರಿನಲ್ಲಿ ಅದ್ದಿ ತೆಗೆದ ಜಾಡಿಗೆ ತುಂಬಿ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿಡಿ. ಎರಡು ಮೂರು ತಿಂಗಳಲ್ಲಿ ಅದನ್ನೇ ಮತ್ತೆ ಬೆಳೆಸಬಹುದು; ಹೀಗೆ ಐದಾರು ಸಲ ಆದ ಮೇಲೆ ಹೊಸ ಪೊಟ್ಟಣ ತನ್ನಿ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ, ಉಳಿದ ಸಕ್ಕರೆ ತಿಂದು ಯೀಸ್ಟ್ ಬಿಡುವ ಅನಿಲಕ್ಕೆ ಗಾಜು ಒಡೆದೀತು. ಜಾಡಿಯ ಮೇಲೆ ತಾರೀಖು ಬರೆಯಿರಿ, ತಳಿಯ ಹೆಸರೂ ಬರೆಯಿರಿ. ಬರೆಯದೆ ಇಟ್ಟ ಒಂದು ಜಾಡಿಯನ್ನು ನಮ್ಮ ಮನೆಗೆ ಬಂದ ನೆಂಟರೊಬ್ಬರು ಗಟ್ಟಿ ಮಜ್ಜಿಗೆಯೆಂದು ಅನ್ನಕ್ಕೆ ಕಲಸಿಕೊಂಡಿದ್ದಾರೆ.